ಬ್ಯಾಡಗಿ ಮೆಣಸಿನಕಾಯಿ ಮೇಲೆ ಗಾಮಾ ವಿಕಿರಣ: ಕೋಶರಚನೆ ಮತ್ತು ಕಿಣ್ವಗಳ ಕುರಿತು ಒಂದು ಟಿಪ್ಪಣಿ

1. ವ್ಯಾಪ್ತಿ

ಒಣ ಮೆಣಸಿನಕಾಯಿಗೂ ಖಾರಪುಡಿಗೂ ಕೋಬಾಲ್ಟ್-60ರ ಗಾಮಾ ಕಿರಣ ಹಾಯಿಸಿದಾಗ ಹಣ್ಣಿನ ಕೋಶಭಿತ್ತಿ, ವರ್ಣದ್ರವ್ಯ ಮತ್ತು ಕಿಣ್ವಗಳಿಗೆ ಏನಾಗುತ್ತದೆ ಎಂಬುದು ಈ ಟಿಪ್ಪಣಿಯ ವಿಷಯ. ಇಲ್ಲಿ ಹೊಸ ಪ್ರಯೋಗವಿಲ್ಲ. ಪ್ರಕಟಿತ ಸ್ಥಿರಾಂಕಗಳಿಂದ ಮಾಡಿದ ಸರಳ ಲೆಕ್ಕಗಳಿವೆ, ಮೂಲಗಳ ನಡುವಿನ ಕೆಲವು ವ್ಯತ್ಯಾಸಗಳ ಪರಿಶೀಲನೆ ಇದೆ.

ಪ್ರಶ್ನೆ ಹುಟ್ಟಿದ್ದು ಸ್ಥಳದಿಂದ. ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ (ಹಿಂದೆ ರಾಷ್ಟ್ರೀಯ ಹೆದ್ದಾರಿ 4, ಈಗ 48) ಬ್ಯಾಡಗಿಯ ಕಡೆ ತಿರುಗುವ ಊರು ಮೋಟೆಬೆನ್ನೂರು. ಬ್ಯಾಡಗಿ ಸೀಮೆಯಲ್ಲಿ ಮೆಣಸಿನಕಾಯಿಯನ್ನು ಬಣ್ಣ ಕೆಡದಂತೆ ಕಾಯುವ ಮುಖ್ಯ ಸಾಧನ ಶೀತಲಗೃಹ. ಚೀಲಗಳು ತಿಂಗಳುಗಟ್ಟಲೆ ಅಲ್ಲಿರುತ್ತವೆ. ರಫ್ತಿನ ಖಾರಪುಡಿಗೆ ವಿಕಿರಣ ಸಂಸ್ಕರಣೆಯೂ ಬಳಕೆಯಲ್ಲಿದೆ. ಹೀಗಾಗಿ ಒಂದು ತಿಳಿವಳಿಕೆ ಅಲ್ಲಲ್ಲಿ ಕೇಳಿಬರುತ್ತದೆ: ವಿಕಿರಣ ಹಾಯಿಸಿದ ಮಾಲು 'ಸತ್ತ ಮಾಲು', ಅದರಲ್ಲಿ ಇನ್ನೇನೂ ನಡೆಯುವುದಿಲ್ಲ, ಆದ್ದರಿಂದ ಬಣ್ಣವೂ ನಿಂತುಬಿಡುತ್ತದೆ. ಮಾಲು 'ಸತ್ತದ್ದು' ಎಂಬ ಮೊದಲ ಮಾತು ಬಹುಮಟ್ಟಿಗೆ ಸರಿ. ಉಳಿದ ಮಾತುಗಳು ಅದರಿಂದ ಸಿದ್ಧವಾಗುವುದಿಲ್ಲ ಎಂಬುದು ಇಲ್ಲಿನ ವಾದ.

2. ಮಾದರಿಯ ಹೆಸರು

ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತದ್ದು 2011ರ ಫೆಬ್ರುವರಿಯಲ್ಲಿ. ಆದರೆ ಸಂಶೋಧನಾ ಲೇಖನಗಳಲ್ಲಿ ಬರುವ 'ಬ್ಯಾಡಗಿ' ಎಂಬ ಹೆಸರು ಒಂದೇ ವಸ್ತುವನ್ನು ಹೇಳುತ್ತದೆಂದು ಭಾವಿಸುವಂತಿಲ್ಲ. ಕನಿಷ್ಠ ಮೂರು ಅರ್ಥಗಳಿವೆ: ತಳಿ, ಪೇಟೆ, ನೋಟದ ದರ್ಜೆ. ಪೇಟೆಗೆ ಬರುವ ಮಾಲಿನಲ್ಲಿ ಹಾವೇರಿ ಜಿಲ್ಲೆಯದು ಒಂದು ಪಾಲು ಮಾತ್ರ. ಧಾರವಾಡ, ಗದಗ, ಬಳ್ಳಾರಿ, ರಾಯಚೂರು ಕಡೆಯದೂ ಆಂಧ್ರದ ಕಡೆಯದೂ ಸೇರುತ್ತದೆ. ತಳಿಯೊಳಗೂ ಕಡ್ಡಿ, ಡಬ್ಬಿ ಎಂಬ ಭೇದವಿದೆ. ಕಡ್ಡಿ ಉದ್ದ, ತೆಳು, ಸುಕ್ಕು ಹೆಚ್ಚು, ಬೀಜ ಕಡಿಮೆ. ಡಬ್ಬಿ ಗಿಡ್ಡ, ದಪ್ಪ, ಬೀಜ ಹೆಚ್ಚು.

ಈ ಭೇದ ಪ್ರಸ್ತುತ ವಿಷಯಕ್ಕೆ ಅಮುಖ್ಯವಲ್ಲ. ಮೆಣಸಿನ ಬೀಜದ ಎಣ್ಣೆಯಲ್ಲಿ ಲಿನೋಲಿಯಿಕ್ ಆಮ್ಲದ ಪಾಲು ದೊಡ್ಡದು; ಅಪರ್ಯಾಪ್ತ ಕೊಬ್ಬು ಹೆಚ್ಚಿದ್ದಷ್ಟೂ ಆಕ್ಸಿಜನ್‌ನೊಂದಿಗಿನ ಸರಪಳಿ ಕ್ರಿಯೆಗೆ ಅವಕಾಶ ಹೆಚ್ಚು. ಕಡ್ಡಿಯ ಪುಡಿ ಮತ್ತು ಡಬ್ಬಿಯ ಪುಡಿ ಒಂದೇ ಡೋಸ್‌ಗೆ ಒಂದೇ ರೀತಿ ಪ್ರತಿಕ್ರಿಯಿಸಬೇಕಿಲ್ಲ. ಬೀಜದೊಂದಿಗೆ ಪುಡಿ ಮಾಡಿದ್ದೋ ಬೀಜ ಜಾಡಿಸಿ ಮಾಡಿದ್ದೋ ಎಂಬುದನ್ನು ಹೇಳದ ಫಲಿತಾಂಶವನ್ನು ಹೋಲಿಕೆಗೆ ಬಳಸುವುದು ಕಷ್ಟ.

3. ಡೋಸ್‌ನ ಅಂಕಿಗಳು

ಹೀರಿಕೊಂಡ ವಿಕಿರಣದ ಮಾನ ಗ್ರೇ. ಒಂದು ಕಿಲೋಗ್ರಾಂ ವಸ್ತುವಿಗೆ ಒಂದು ಜೂಲ್ ಶಕ್ತಿ. ಮಸಾಲೆ ಪದಾರ್ಥಗಳ ಸಂದರ್ಭದಲ್ಲಿ ಮೂರು ಬೇರೆ ಬೇರೆ ಗರಿಷ್ಠ ಮಿತಿಗಳು ಉಲ್ಲೇಖಗೊಳ್ಳುತ್ತವೆ. ಅವನ್ನು ಪರಸ್ಪರ ವಿರುದ್ಧವೆಂದು ಓದುವ ವಾಡಿಕೆ ಇದೆ. ವಾಸ್ತವವಾಗಿ ಅವು ಬೇರೆ ಬೇರೆ ಪರಿಮಾಣಗಳು.

ವಿಶ್ವ ಆರೋಗ್ಯ ಸಂಸ್ಥೆ, ಆಹಾರ ಮತ್ತು ಕೃಷಿ ಸಂಸ್ಥೆ, ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಗಳ ಜಂಟಿ ತಜ್ಞ ಸಮಿತಿ 1980ರಲ್ಲಿ ಸೂಚಿಸಿದ್ದು ಒಟ್ಟಾರೆ ಸರಾಸರಿ 10 ಕಿಲೋಗ್ರೇ. ಅಂತರರಾಷ್ಟ್ರೀಯ ಆಹಾರ ಸಂಹಿತೆಯಾದ ಕೋಡೆಕ್ಸ್‌ನ ಮಾನದಂಡ ಅದನ್ನು 1983ರಲ್ಲಿ ಅಂಗೀಕರಿಸಿತು. 10 ಕಿಲೋಗ್ರೇ ಮೀರಿದ ಡೋಸ್‌ಗಳ ಬಗೆಗಿನ ಅಧ್ಯಯನ ತಂಡದ ವರದಿ 1999ರಲ್ಲಿ ಬಂದಿತು. ತಾಂತ್ರಿಕವಾಗಿ ಅಗತ್ಯವೆನಿಸಿದಲ್ಲಿ ಮಿತಿಯನ್ನು ಮೀರಲು ಎಡೆಯಿರುವಂತೆ ಕೋಡೆಕ್ಸ್ ಪಠ್ಯ 2003ರಲ್ಲಿ ಪರಿಷ್ಕೃತವಾಯಿತು. ಅಮೆರಿಕ 1983ರಲ್ಲಿ ಮಸಾಲೆಗೆ 10 ಕಿಲೋಗ್ರೇವರೆಗೆ ಅನುಮತಿಸಿ 1986ರಲ್ಲಿ 30ಕ್ಕೆ ಏರಿಸಿತು. ಇದು ಗರಿಷ್ಠ, ಸರಾಸರಿಯಲ್ಲ. ಐರೋಪ್ಯ ಒಕ್ಕೂಟದ 1999ರ ನಿರ್ದೇಶನದಲ್ಲಿರುವ 10 ಕಿಲೋಗ್ರೇ ಮತ್ತೆ ಒಟ್ಟಾರೆ ಸರಾಸರಿ.

ಭಾರತದ ಮಟ್ಟಿಗೆ 'ಅನುಮತಿ ಸಿಕ್ಕ ವರ್ಷ' 1991 ಎಂದು ಕೆಲವೆಡೆಯೂ 1994 ಎಂದು ಕೆಲವೆಡೆಯೂ ಬರುತ್ತದೆ. ಎರಡೂ ತಪ್ಪಲ್ಲ. ಅಣುಶಕ್ತಿ ಕಾಯ್ದೆಯಡಿ ಆಹಾರ ವಿಕಿರಣ ನಿಯಂತ್ರಣ ನಿಯಮಗಳು ಬಂದದ್ದು 1991ರಲ್ಲಿ. ಆಹಾರ ಕಲಬೆರಕೆ ತಡೆ ನಿಯಮಗಳಿಗೆ ತಿದ್ದುಪಡಿಯಾಗಿ ಈರುಳ್ಳಿ, ಆಲೂಗಡ್ಡೆ, ಮಸಾಲೆಗಳನ್ನು ದೇಶದೊಳಗೆ ಮಾರಲು ಅವಕಾಶವಾದದ್ದು 1994ರಲ್ಲಿ. ಅಣುಶಕ್ತಿ ನಿಯಮಗಳು ಮುಂದೆ 1996ರಲ್ಲಿಯೂ 2012ರಲ್ಲಿಯೂ ಹೊಸದಾದವು. ಮಸಾಲೆಯ ಸೂಕ್ಷ್ಮಜೀವಿ ನಿವಾರಣೆಗೆ ಇಲ್ಲಿನ ಅಂಕಿ ಕನಿಷ್ಠ 6, ಗರಿಷ್ಠ 14 ಕಿಲೋಗ್ರೇ.

ಈ 6 ಮತ್ತು 14ರ ಅನುಪಾತ 2.33. ಒಂದೇ ಲಾಟಿನ ಎರಡು ಕಾಯಿಗಳಲ್ಲಿ ಒಂದು ಇನ್ನೊಂದರ ಎರಡೂಕಾಲು ಪಟ್ಟಿಗೂ ಮಿಕ್ಕಿ ಶಕ್ತಿ ಪಡೆದಿದ್ದರೂ ನಿಯಮ ಪಾಲನೆಯಾದಂತೆಯೇ. ಕೋಬಾಲ್ಟ್-60ರ ಎರಡು ಗಾಮಾ ಕಿರಣಗಳ ಶಕ್ತಿ 1.17 ಮತ್ತು 1.33 ಮಿಲಿಯ ಎಲೆಕ್ಟ್ರಾನ್ ವೋಲ್ಟ್. ನೀರಿನಲ್ಲಿ ಅವು ಅರ್ಧಕ್ಕೆ ಇಳಿಯಲು ಸುಮಾರು 11 ಸೆಂ.ಮೀ. ದಪ್ಪ ಬೇಕು. ಸಡಿಲವಾಗಿ ತುಂಬಿದ ಒಣ ಕಾಯಿಯ ಸಾಂದ್ರತೆ ನೀರಿಗಿಂತ ಬಹಳ ಕಡಿಮೆಯಾದ್ದರಿಂದ ಇಡೀ ಕಾಯಿಯ ಚೀಲದಲ್ಲಿ ವ್ಯತ್ಯಾಸ ಚಿಕ್ಕದು, ಒತ್ತಿ ತುಂಬಿದ ಪುಡಿಯಲ್ಲಿ ದೊಡ್ಡದು. 'ಹತ್ತು ಕಿಲೋಗ್ರೇ ಕೊಟ್ಟಿದೆ' ಎಂಬ ಒಂಟಿ ಅಂಕಿ, ಡೋಸ್‌ಮಾಪಕ ಎಲ್ಲಿತ್ತು ಎಂದು ಹೇಳದಿದ್ದರೆ, ಅರ್ಧ ಮಾಹಿತಿ.

ಗಾಮಾ ಕಿರಣದ ಈ ಶಕ್ತಿಗಳಲ್ಲಿ ಆಹಾರ ವಿಕಿರಣಶೀಲವಾಗುವುದಿಲ್ಲ. ಬಿಸಿಯೂ ಹೆಚ್ಚಾಗುವುದಿಲ್ಲ: 10 ಕಿಲೋಗ್ರೇ ಎಂದರೆ ಕಿಲೋಗ್ರಾಂಗೆ 10 ಕಿಲೋಜೂಲ್, ವಸ್ತು ಪೂರ್ತಿ ನೀರೇ ಆಗಿದ್ದರೆ ಉಷ್ಣತೆ ಏರುವುದು ಸುಮಾರು 2.4 ಡಿಗ್ರಿ ಸೆಲ್ಸಿಯಸ್. ಮುಂದೆ ಹೇಳುವ ಪರಿಣಾಮಗಳು ಶಾಖದವಲ್ಲ ಎಂಬುದಕ್ಕೆ ಈ ಲೆಕ್ಕ ಸಾಕು.

4. ಒಣ ಹಣ್ಣು, ಹಸಿ ಹಣ್ಣು

ಕಿಣ್ವದ ಮೇಲೆ ವಿಕಿರಣ ಎರಡು ದಾರಿಯಲ್ಲಿ ಕೆಲಸ ಮಾಡುತ್ತದೆ. ಶಕ್ತಿ ನೇರವಾಗಿ ಕಿಣ್ವದ ಅಣುವಿನಲ್ಲೇ ಬೀಳಬಹುದು. ಅಥವಾ ಸುತ್ತಲಿನ ನೀರಿನಲ್ಲಿ ಬಿದ್ದು, ಅಲ್ಲಿ ಹುಟ್ಟಿದ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಮೊದಲಾದವು ಕಿಣ್ವವನ್ನು ತಲುಪಬಹುದು. ಎರಡನೆಯ ದಾರಿಯ ಮಹತ್ವವನ್ನು ಮೊದಲು ಸ್ಪಷ್ಟವಾಗಿ ತೋರಿಸಿದವರಲ್ಲಿ ಮ್ಯಾಂಚೆಸ್ಟರಿನ ಡಬ್ಲ್ಯು. ಎಂ. ಡೇಲ್ ಒಬ್ಬರು, ಅವರ ಎಕ್ಸ್-ಕಿರಣದ ಕಿಣ್ವ ಪ್ರಯೋಗಗಳ ವರದಿ 1940ರದು. ದ್ರಾವಣ ತೆಳುವಾದಷ್ಟೂ ಅದೇ ಡೋಸ್‌ಗೆ ನಾಶವಾಗುವ ಕಿಣ್ವದ ಶೇಕಡಾ ಪಾಲು ಹೆಚ್ಚುತ್ತದೆ. ಬೇರೆ ಪದಾರ್ಥ ಕೂಡಿಸಿದರೆ ಅದು ರ‍್ಯಾಡಿಕಲ್‌ಗಳನ್ನು ತನ್ನತ್ತ ಎಳೆದುಕೊಂಡು ಕಿಣ್ವವನ್ನು ಕಾಯುತ್ತದೆ. ಡಗ್ಲಸ್ ಲೀ ಅವರ 1946ರ ಗ್ರಂಥ ನೇರ ಪೆಟ್ಟಿನ ಸಿದ್ಧಾಂತವನ್ನು ಗಣಿತಕ್ಕೆ ಇಳಿಸಿತು. ಈ ಎರಡು ಹೆಸರುಗಳನ್ನು ಪರಸ್ಪರ ಎದುರಾಳಿಗಳಂತೆ ನಿಲ್ಲಿಸುವುದು ಅನಗತ್ಯ: ಡೇಲ್ ಅವರದು ಒದ್ದೆ ವ್ಯವಸ್ಥೆ, ಲೀ ಅವರ ಲೆಕ್ಕ ಹೆಚ್ಚಾಗಿ ಹೊಂದುವುದು ಒಣ ವ್ಯವಸ್ಥೆಗೆ.

ಮೆಣಸಿನಕಾಯಿ ಎರಡೂ ಸ್ಥಿತಿಗಳನ್ನು ಹಾಯ್ದು ಬರುತ್ತದೆ. ಗಿಡದ ಹಸಿ ಕಾಯಿಯಲ್ಲಿ ನೀರು ಸುಮಾರು ಶೇ. 88. ಮಾರಾಟದ ಒಣ ಕಾಯಿಯಲ್ಲಿ ಅದು ಶೇ. 11 ಮೀರಬಾರದೆಂದು ಆಹಾರ ಮಾನದಂಡ ಹೇಳುತ್ತದೆ. ಶುದ್ಧ ನೀರಿನಲ್ಲಿ 100 ಎಲೆಕ್ಟ್ರಾನ್ ವೋಲ್ಟ್‌ಗೆ ಸುಮಾರು 2.8 ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಬ ಅಂಕಿಯನ್ನೇ ಹಿಡಿದರೆ, 10 ಕಿಲೋಗ್ರೇಗೆ ಹಸಿ ಕಾಯಿಯಲ್ಲಿ ಕಿಲೋಗ್ರಾಂಗೆ ಸುಮಾರು 2.5 ಮಿಲಿಮೋಲ್, ಒಣ ಕಾಯಿಯಲ್ಲಿ ಸುಮಾರು 0.3. ಎಂಟು ಪಟ್ಟಿನ ಅಂತರ. ಒಣ ಕಾಯಿಯ ನೀರು ಬಹುತೇಕ ಬಂಧಿತ ನೀರಾದ್ದರಿಂದ ರ‍್ಯಾಡಿಕಲ್‌ಗಳ ಸಂಚಾರವೂ ಕುಂಠಿತ. ನಿಜವಾದ ಅಂತರ ಇದಕ್ಕಿಂತ ದೊಡ್ಡದಿರುವ ಸಂಭವವೇ ಹೆಚ್ಚು. ಕಣದಲ್ಲಿ ಒಣಗಿದ ಹಣ್ಣನ್ನು ಪ್ರಧಾನವಾಗಿ ನೇರ ಪೆಟ್ಟಿನ ವ್ಯವಸ್ಥೆ ಎಂದು ತೆಗೆದುಕೊಳ್ಳುವುದಕ್ಕೆ ಇದು ಆಧಾರ.

ಒಂದು ಎಚ್ಚರಿಕೆ. ಚೀಲಕ್ಕೆ ಒತ್ತುವಾಗ ಕಾಯಿ ಮುರಿಯದಿರಲೆಂದು ನೀರು ಚಿಮುಕಿಸುವ ರೂಢಿ ಕೆಲವೆಡೆ ಇದೆ. ಅಂಥ ಮಾಲಿನಲ್ಲಿ ತೇವ ಒಂದೇ ಸಮನಾಗಿರುವುದಿಲ್ಲ; ತೊಟ್ಟಿನ ಬುಡ, ಬೀಜದ ಗೊಂಚಲು ಹೆಚ್ಚು ಒದ್ದೆ. ಕೆಳಗಿನ ಲೆಕ್ಕಗಳು ಅದಕ್ಕೆ ಅನ್ವಯಿಸುವುದಿಲ್ಲ.

5. ಕಿಣ್ವಗಳು: ಒಂದು ಅಂದಾಜು

ಒಣಗಿಸಿದ ಅಥವಾ ಹೆಪ್ಪುಗಟ್ಟಿಸಿದ ಕಿಣ್ವಗಳ ಮೇಲಿನ ಅಳತೆಗಳಿಂದ ಕೆಪ್ನರ್ ಮತ್ತು ಮೇಸಿ 1968ರಲ್ಲಿ ಒಂದು ಅನುಭವಜನ್ಯ ಸೂತ್ರ ಕೊಟ್ಟರು. ಚಟುವಟಿಕೆ ಶೇ. 37ಕ್ಕೆ ಇಳಿಯಲು ಬೇಕಾದ ಡೋಸನ್ನು ಡಿ-37 ಎಂದು ಕರೆದರೆ, ಅಣುತೂಕ = 6.4 × 10¹¹ ÷ ಡಿ-37. ಮೂಲದಲ್ಲಿ ಡೋಸ್ ರ‍್ಯಾಡ್‌ಗಳಲ್ಲಿದೆ. ಗ್ರೇಗೆ ಪರಿವರ್ತಿಸಿದಾಗ ಅಂಶ 6.4 × 10⁹ ಆಗುತ್ತದೆ. ಈ ನೂರು ಪಟ್ಟಿನ ಪರಿವರ್ತನೆಯನ್ನು ಮರೆತರೆ ಉತ್ತರ ಪೂರ್ತಿ ತಲೆಕೆಳಗಾಗುತ್ತದೆ. ಸೂತ್ರದ ಮೂಲ ಉದ್ದೇಶ ಪೊರೆಯಲ್ಲಿ ಹುದುಗಿದ ಕಿಣ್ವಗಳ ಗಾತ್ರ ಅಳೆಯುವುದು. ಇಲ್ಲಿ ಅದನ್ನು ಹಿಂದುಮುಂದಾಗಿಸಿ, ಗೊತ್ತಿರುವ ಗಾತ್ರದಿಂದ ಡೋಸನ್ನು ಅಂದಾಜಿಸಿದೆ.

ಪೆರಾಕ್ಸಿಡೇಸ್ (ಹಾರ್ಸ್‌ರ‍್ಯಾಡಿಶ್‌ನದು, ಅಣುತೂಕ ಸುಮಾರು 44,000): ಡಿ-37 ಸುಮಾರು 145 ಕಿಲೋಗ್ರೇ. ಅಂದರೆ 6 ಕಿಲೋಗ್ರೇ ಬಳಿಕ ಶೇ. 96, 14 ಕಿಲೋಗ್ರೇ ಬಳಿಕ ಶೇ. 91 ಚಟುವಟಿಕೆ ಉಳಿಯಬೇಕು.

ಲಿಪಾಕ್ಸಿಜನೇಸ್ (ಸೋಯಾದ್ದು, ಸುಮಾರು 94,000): ಡಿ-37 ಸುಮಾರು 68 ಕಿಲೋಗ್ರೇ. 6ರಲ್ಲಿ ಶೇ. 92, 14ರಲ್ಲಿ ಶೇ. 81.

ಕೆಟಲೇಸ್ (ದನದ ಯಕೃತ್ತಿನದು, ನಾಲ್ಕು ಉಪಘಟಕ ಕೂಡಿ ಸುಮಾರು 2,40,000): ಡಿ-37 ಸುಮಾರು 27 ಕಿಲೋಗ್ರೇ. 6ರಲ್ಲಿ ಶೇ. 80, 14ರಲ್ಲಿ ಶೇ. 59. ಒಂದು ಪೆಟ್ಟು ಒಂದೇ ಉಪಘಟಕವನ್ನು ಕೆಡಿಸುತ್ತದೆಂದು ಭಾವಿಸಿದರೆ ಲೆಕ್ಕಕ್ಕೆ ಬರುವ ಗಾತ್ರ 60,000. ಆಗ ಡಿ-37 ಸುಮಾರು 107 ಕಿಲೋಗ್ರೇ. ಇವುಗಳಲ್ಲಿ ಯಾವುದು ಸರಿ ಎಂಬುದು ಪ್ರತಿ ಕಿಣ್ವಕ್ಕೂ ಪ್ರಯೋಗದಿಂದಲೇ ತೀರ್ಮಾನವಾಗಬೇಕು.

ಮೂರೂ ಪ್ರೋಟೀನುಗಳು ಮೆಣಸಿನಕಾಯಿಯವಲ್ಲ. ಗಾತ್ರದ ಅಂದಾಜಿಗಾಗಿ ತೆಗೆದುಕೊಂಡ ಪ್ರತಿನಿಧಿಗಳು. ಆದರೂ ಫಲಿತಾಂಶದ ದಿಕ್ಕು ಈ ಆಯ್ಕೆಯನ್ನು ಅಷ್ಟಾಗಿ ಅವಲಂಬಿಸಿಲ್ಲ. ಮಸಾಲೆಗೆ ಅನುಮತಿಸಿದ ಇಡೀ ಡೋಸ್ ವ್ಯಾಪ್ತಿಯಲ್ಲಿ, ಒಣ ಸ್ಥಿತಿಯ ಸಾಮಾನ್ಯ ಗಾತ್ರದ ಕಿಣ್ವದ ಬಹುಪಾಲು ಕೆಡದೆ ಉಳಿಯುತ್ತದೆ. ಆಹಾರ ವಿಕಿರಣದ ಸಾಹಿತ್ಯದಲ್ಲಿಯೂ ಇದೇ ಅನುಭವ: ಮಾಂಸದಂಥ ಪದಾರ್ಥಗಳನ್ನು ವಿಕಿರಣದಿಂದ ಕ್ರಿಮಿರಹಿತ ಮಾಡಿ ಬಹುಕಾಲ ಇಡಬೇಕಾದಾಗ, ಕಿಣ್ವಗಳನ್ನು ನಿಲ್ಲಿಸಲು ಮೊದಲು ಬೇರೆಯಾಗಿ ಬಿಸಿ ಮಾಡಬೇಕಾಗುತ್ತದೆ.

ಕಿಣ್ವ ಉಳಿದಿದೆ ಎಂದ ಮಾತ್ರಕ್ಕೆ ಅದು ಕೆಲಸ ಮಾಡುತ್ತಿದೆ ಎಂದಲ್ಲ. ಶೇ. 11 ತೇವದಲ್ಲಿ ಅದಕ್ಕೆ ಓಡಾಡಲು ನೀರಿಲ್ಲ. ಮಳೆಗಾಲದಲ್ಲಿ ಚೀಲ ತೇವ ಹೀರಿದಾಗ ಮತ್ತೆ ಚುರುಕಾಗುವ ಸಾಮರ್ಥ್ಯವನ್ನು ವಿಕಿರಣ ಕಸಿದುಕೊಂಡಿಲ್ಲ ಎಂಬಷ್ಟೇ ಇಲ್ಲಿನ ಹೇಳಿಕೆ. ಗಂಧಕ-ಹೈಡ್ರೋಜನ್ ಗುಂಪನ್ನು ನೆಚ್ಚಿದ ಕಿಣ್ವಗಳು ಹೆಚ್ಚು ನಾಜೂಕು ಎಂಬ ಬ್ಯಾರನ್ ಅವರ 1949ರ ಆಸುಪಾಸಿನ ಅವಲೋಕನಗಳು ದ್ರಾವಣದವು. ಅವನ್ನು ಒಣ ಹಣ್ಣಿಗೆ ನೇರವಾಗಿ ತರುವುದು ಉಚಿತವಲ್ಲ.

6. ಹಾಗಾದರೆ ಸಾಯುವುದು ಯಾವುದು

ಅದೇ ಸೂತ್ರವನ್ನು ಡಿಎನ್‌ಎಗೆ ಹಾಕಿ ನೋಡಬಹುದು. ಎಷರೀಶಿಯ ಕೋಲಿ ಬ್ಯಾಕ್ಟೀರಿಯದ ಜೀನೋಮ್ 46 ಲಕ್ಷ ಬೇಸ್ ಜೋಡಿ. ಜೋಡಿಗೆ 650ರಂತೆ ಅಣುತೂಕ ಸುಮಾರು 3 × 10⁹. ಡಿ-37 ಬರುವುದು 2.1 ಗ್ರೇ. ಕಿಲೋಗ್ರೇ ಅಲ್ಲ, ಗ್ರೇ. ಸಂಖ್ಯೆ ಹತ್ತನೇ ಒಂದಕ್ಕೆ ಇಳಿಯಲು ಬೇಕಾದ ಡೋಸ್ (ಡಿ-10) ಇದರಂತೆ ಸುಮಾರು 4.9 ಗ್ರೇ ಆಗಬೇಕಿತ್ತು. ಅಳತೆಯಲ್ಲಿ ಕಾಣುವುದು ಸ್ಥೂಲವಾಗಿ 200ರಿಂದ 400 ಗ್ರೇ. ನಲವತ್ತರಿಂದ ಎಂಬತ್ತು ಪಟ್ಟು ವ್ಯತ್ಯಾಸ.

ಈ ವ್ಯತ್ಯಾಸ ಲೆಕ್ಕದ ದೋಷವಲ್ಲ, ಜೀವಶಾಸ್ತ್ರ. ಕಿಣ್ವಕ್ಕೆ ಬಿದ್ದ ಪೆಟ್ಟನ್ನು ಯಾರೂ ಸರಿಪಡಿಸುವುದಿಲ್ಲ. ಡಿಎನ್‌ಎಗೆ ಬಿದ್ದ ಪೆಟ್ಟುಗಳಲ್ಲಿ ಹೆಚ್ಚಿನವು ಒಂದೇ ಎಳೆಯವು, ಅವನ್ನು ಕೋಶ ದುರಸ್ತಿ ಮಾಡಿಕೊಳ್ಳುತ್ತದೆ. 1956ರಲ್ಲಿ ಅಮೆರಿಕದ ಒರೆಗಾನಿನಲ್ಲಿ, ವಿಕಿರಣದಿಂದ ಕ್ರಿಮಿರಹಿತ ಮಾಡಿದ್ದೆಂದು ಭಾವಿಸಿದ ಮಾಂಸದ ಡಬ್ಬಿಯಲ್ಲಿ ಆರ್ಥರ್ ಆ್ಯಂಡರ್ಸನ್ ಕಂಡ ಡೀನೊಕಾಕಸ್ ಬ್ಯಾಕ್ಟೀರಿಯ ಈ ದುರಸ್ತಿಯ ತುದಿ ಉದಾಹರಣೆ. ದುರಸ್ತಿಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಅಂತರ ದೊಡ್ಡದೇ: ಬ್ಯಾಕ್ಟೀರಿಯವನ್ನು ಹತ್ತನೇ ಒಂದಕ್ಕೆ ಇಳಿಸುವ ಡೋಸ್ ಪೆರಾಕ್ಸಿಡೇಸ್‌ನ ಚಟುವಟಿಕೆಯನ್ನು ಶೇ. 0.5ರಷ್ಟೂ ತಗ್ಗಿಸದು.

ಡಿಎನ್‌ಎ ಮತ್ತು ಕಿಣ್ವಗಳ ನಡುವಿನ ಈ ಅಂತರ ಬೀಜದಲ್ಲಿ ಕಣ್ಣಿಗೇ ಕಾಣುತ್ತದೆ. 1960ರ ದಶಕದ ಆರಂಭದಲ್ಲಿ ಓಕ್ ರಿಜ್‌ನಲ್ಲಿ ಹೇಬರ್ ಮತ್ತು ಸಂಗಡಿಗರು ಗೋಧಿ ಕಾಳಿಗೆ ಹಲವು ಕಿಲೋಗ್ರೇ ಕೊಟ್ಟು ಮೊಳಕೆಗೆ ಇಟ್ಟರು. ಕೋಶ ವಿಭಜನೆ ಪೂರ್ತಿ ನಿಂತಿತ್ತು. ಆದರೂ ಕಾಳು ಒಡೆದು ಚಿಕ್ಕ ಸಸಿ ಮೇಲೆದ್ದಿತು. ಇದ್ದ ಕೋಶಗಳೇ ಹಿಗ್ಗಿ ಬೆಳೆದದ್ದು ಅದು. 'ಗಾಮಾ ಸಸಿ' ಎಂದು ಹೆಸರಾಯಿತು. ಕೆಲವು ದಿನಗಳ ನಂತರ ಬೆಳವಣಿಗೆ ನಿಲ್ಲುತ್ತದೆ. ಕೋಶಕೇಂದ್ರದ ಭವಿಷ್ಯ ಮುಗಿದ ಮೇಲೂ ಕಿಣ್ವಗಳ ಗೃಹಕೃತ್ಯ ನಡೆಯಬಲ್ಲದು ಎಂಬುದಕ್ಕೆ ಇದಕ್ಕಿಂತ ನೇರವಾದ ಪ್ರಯೋಗ ಕಡಿಮೆ. ಪಕ್ಕದ ರಾಣೆಬೆನ್ನೂರು ಬೀಜೋತ್ಪಾದನೆಯ ಸೀಮೆಯಾದ್ದರಿಂದ ಒಂದು ಮಾತು: ತಳಿ ಪರಿವರ್ತನೆಗೆ ಮೆಣಸಿನ ಬೀಜಕ್ಕೆ ಕೊಡುವ ಡೋಸ್ ಸಾಮಾನ್ಯವಾಗಿ ನೂರಾರು ಗ್ರೇ; ಮಸಾಲೆಯ ಡೋಸ್ ಅದರ ಹತ್ತಾರು ಪಟ್ಟು. ಸಂಸ್ಕರಿಸಿದ ಚೀಲದಿಂದ ಉದುರಿದ ಬೀಜ ಮೊಳೆತಂತೆ ಕಂಡರೂ ಅದನ್ನು ಬಿತ್ತನೆಯ ಸಾಮರ್ಥ್ಯವೆಂದು ದಾಖಲಿಸಬಾರದು.

ಇದೇ ಎಚ್ಚರಿಕೆ ಹುಳುಗಳಿಗೂ. ಒಣ ಮೆಣಸಿನಕಾಯಿಯ ಸಾಮಾನ್ಯ ಪೀಡೆ ಲ್ಯಾಸಿಯೊಡರ್ಮ ಜಾತಿಯ ಕಂದು ದುಂಬಿ. ಒಂದು ಕಿಲೋಗ್ರೇಗಿಂತ ಕಡಿಮೆ ಡೋಸ್‌ನಲ್ಲಿ ಬೆಳೆದ ದುಂಬಿ ಕೂಡಲೇ ಸಾಯುವುದಿಲ್ಲ, ಸಂತಾನಶಕ್ತಿ ಕಳೆದುಕೊಂಡು ಕೆಲಕಾಲ ಹರಿದಾಡುತ್ತದೆ. ತಪಾಸಣೆಯಲ್ಲಿ 'ಜೀವಂತ ಹುಳು ಸಿಕ್ಕಿತು' ಎಂಬ ವರದಿ ಮತ್ತು 'ಸಂಸ್ಕರಣೆ ಸರಿಯಾಗಿದೆ' ಎಂಬ ಪ್ರಮಾಣಪತ್ರ ಎರಡೂ ಏಕಕಾಲಕ್ಕೆ ನಿಜವಾಗಿರಬಹುದು.

7. ಕೋಶಭಿತ್ತಿ ಮತ್ತು 'ಹೆಚ್ಚಿದ' ಖಾರ

ಕೋಶದ ರಚನೆಗಳಲ್ಲಿ ಗಾಮಾ ಕಿರಣದ ಗುರುತು ಅತ್ಯಂತ ನಿಚ್ಚಳವಾಗಿ ಉಳಿಯುವುದು ಭಿತ್ತಿಯಲ್ಲಿ. ಪೆಕ್ಟಿನ್ ಮತ್ತು ಸೆಲ್ಯುಲೋಸ್‌ನ ಉದ್ದ ಸರಪಳಿಗಳು ಅಲ್ಲಲ್ಲಿ ತುಂಡಾಗುತ್ತವೆ. ಒಣ ಸೆಲ್ಯುಲೋಸ್‌ನಲ್ಲಿ ಹುಟ್ಟಿದ ರ‍್ಯಾಡಿಕಲ್‌ಗಳು ಸ್ಫಟಿಕೀಯ ಭಾಗದಲ್ಲಿ ಸಿಕ್ಕಿಬಿದ್ದು ವಾರಗಟ್ಟಲೆ ಉಳಿಯಬಲ್ಲವು. ಎಲೆಕ್ಟ್ರಾನ್ ಸ್ಪಿನ್ ಅನುರಣನದಲ್ಲಿ ಅವು ನಡುಗೆರೆಯ ಎಡಬಲಕ್ಕೆ ಒಂದೊಂದು ಗೆರೆಯಾಗಿ, ಸುಮಾರು 6 ಮಿಲಿಟೆಸ್ಲಾ ಅಂತರದಲ್ಲಿ ಕಾಣುತ್ತವೆ. ಐರೋಪ್ಯ ಪತ್ತೆ ಮಾನದಂಡ 1787 ಇದನ್ನೇ ಆಧರಿಸಿದೆ. ಅದನ್ನು ಪರಿಶೀಲಿಸಿದ ವಸ್ತುಗಳಲ್ಲಿ ಪಿಸ್ತಾ ಚಿಪ್ಪು, ಸ್ಟ್ರಾಬೆರಿಯ ಜೊತೆಗೆ ಕೆಂಪು ಮೆಣಸಿನ ಪುಡಿಯೂ ಇತ್ತು. ತೇವ ತಾಗಿದರೆ ಗೆರೆಗಳು ಬೇಗ ಅಳಿಯುತ್ತವೆ. ಗೆರೆ ಇದ್ದರೆ ವಿಕಿರಣ ಹಾಯಿಸಿದ್ದು ಖಚಿತ; ಇಲ್ಲದಿದ್ದರೆ ಹಾಯಿಸಿಲ್ಲ ಎಂದು ಹೇಳಲಾಗದು.

ಎರಡನೆಯ ಪತ್ತೆ ವಿಧಾನ (ಮಾನದಂಡ 1788) ಹಣ್ಣನ್ನಲ್ಲ, ಹಣ್ಣಿಗೆ ಅಂಟಿದ ಮಣ್ಣನ್ನು ಓದುತ್ತದೆ. ಸಿಲಿಕೇಟ್ ಖನಿಜದ ಕಣಗಳು ಡೋಸನ್ನು ಹಿಡಿದಿಟ್ಟುಕೊಂಡು, ಬಿಸಿ ಮಾಡಿದಾಗ ಬೆಳಕಾಗಿ ಬಿಡುತ್ತವೆ. ಕಾಯಿ ಒಣಗಿಸುವ ಕಣದ ಧೂಳು ಮಾಲಿನ ದೋಷವೆಂದೇ ಎಣಿಕೆ. ಇಲ್ಲಿ ಮಾತ್ರ ಅದು ಸಾಕ್ಷಿ.

ಈಗ ಒಂದು ವೈಚಿತ್ರ್ಯ. ಟರ್ಕಿಯ ಟೊಪುಜ್ ಮತ್ತು ಓಜ್ದೆಮಿರ್ ಕೆಂಪು ಮೆಣಸಿನ ಮೇಲೆ 2.5ರಿಂದ 10 ಕಿಲೋಗ್ರೇವರೆಗೆ ಮಾಡಿದ ಅಧ್ಯಯನಗಳಲ್ಲಿ (2003, 2004) ಕ್ಯಾರೊಟಿನಾಯ್ಡ್‌ಗಳು ತಗ್ಗಿದವು, ಕ್ಯಾಪ್ಸೈಸಿನ್ ಗುಂಪಿನ ಅಂಶ 10 ಕಿಲೋಗ್ರೇಯಲ್ಲಿ ಸುಮಾರು ಶೇ. 10 ಹೆಚ್ಚಿತು. ಒಣಗಿದ ಹಣ್ಣಿನಲ್ಲಿ ಖಾರ ಹೊಸದಾಗಿ ತಯಾರಾಗುವುದು ಅಸಂಭವ. ಭಿತ್ತಿ ಸಡಿಲವಾಗಿ, ದ್ರಾವಕಕ್ಕೆ ಮೊದಲು ಸಿಗದಿದ್ದ ಭಾಗ ಈಗ ಸಿಕ್ಕಿತು ಎಂಬ ವಿವರಣೆ ಹೆಚ್ಚು ಸಮಂಜಸ. ಹಾಗಿದ್ದಲ್ಲಿ ಅಂಕಿ ಖಾರದ್ದಲ್ಲ, ಖಾರ ಹೊರಬರುವ ಸುಲಭತೆಯದು. ಇದರ ಪರಿಣಾಮ ಬಣ್ಣದ ಅಳತೆಗೂ ತಟ್ಟುತ್ತದೆ: ಭಿತ್ತಿ ಸಡಿಲಗೊಂಡು ಹೆಚ್ಚು ಬಣ್ಣ ಹೊರಬಂದರೆ, ನಿಜವಾಗಿ ನಾಶವಾದ ಬಣ್ಣ ಆ ಹೆಚ್ಚಳದ ಮರೆಯಲ್ಲಿ ಅಡಗಬಹುದು. 'ಬದಲಾವಣೆ ಇಲ್ಲ' ಎಂಬ ಫಲಿತಾಂಶ ಎರಡು ಬದಲಾವಣೆಗಳ ವ್ಯವಕಲನವಾಗಿರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ.

8. ಬಣ್ಣದ ಲೆಕ್ಕ

ಬ್ಯಾಡಗಿ ಕಾಯಿಯ ಬೆಲೆ ಖಾರದ್ದಲ್ಲ, ಬಣ್ಣದ್ದು. ಬಣ್ಣದ ಮುಖ್ಯ ಅಂಶಗಳು ಕ್ಯಾಪ್ಸಾಂಥಿನ್ ಮತ್ತು ಕ್ಯಾಪ್ಸೊರುಬಿನ್. ಹಣ್ಣು ಮಾಗುವಾಗ ಕ್ರೋಮೊಪ್ಲಾಸ್ಟ್‌ಗಳಲ್ಲಿ ತಯಾರಾಗಿ, ಕೊಬ್ಬಿನಾಮ್ಲಗಳೊಂದಿಗೆ ಕೂಡಿಕೊಂಡು, ಎಣ್ಣೆಹನಿ ಮತ್ತು ನಾರಿನಂಥ ರಚನೆಗಳಲ್ಲಿ ನೆಲೆಸುತ್ತವೆ. ಮೆಣಸಿನ ಕುಲದ ರಸಾಯನ ಹಾಗೂ ಗುಣಮಟ್ಟದ ಬಗ್ಗೆ ಮೈಸೂರಿನ ಸಿಎಫ್‌ಟಿಆರ್‌ಐಯ ವಿ. ಎಸ್. ಗೋವಿಂದರಾಜನ್ 1985ರಿಂದ ಸರಣಿಯಾಗಿ ಪ್ರಕಟಿಸಿದ ವಿಮರ್ಶೆ ಈಗಲೂ ಆರಂಭದ ಆಕರ.

ವ್ಯಾಪಾರದ ಅಳತೆ ಆಸ್ಟಾ (ಅಮೆರಿಕದ ಮಸಾಲೆ ವ್ಯಾಪಾರ ಸಂಘದ) ಮೌಲ್ಯ: ಅಸಿಟೋನ್ ಸಾರದ 460 ನ್ಯಾನೊಮೀಟರ್ ಹೀರಿಕೆಯನ್ನು 16.4ರಿಂದ ಗುಣಿಸಿ, ಉಪಕರಣದ ತಿದ್ದುಪಡಿ ಸೇರಿಸಿ, ಮಾದರಿಯ ಗ್ರಾಂ ತೂಕದಿಂದ ಭಾಗಿಸಿದ್ದು. ಲೆಕ್ಕಕ್ಕೆ 150 ಎಂದಿಟ್ಟುಕೊಳ್ಳೋಣ. ಶೇ. 1 ದ್ರಾವಣದ ಹೀರಿಕೆ 2,100 ಎಂಬ ರೂಢಿಯ ಅಂಕಿಯಿಂದ, ವರ್ಣದ್ರವ್ಯ ಕಿಲೋಗ್ರಾಂಗೆ ಸುಮಾರು 4.4 ಗ್ರಾಂ, ಕ್ಯಾಪ್ಸಾಂಥಿನ್ ಲೆಕ್ಕದಲ್ಲಿ 7.5 ಮಿಲಿಮೋಲ್. ಒಣ ವಸ್ತುವಿನಲ್ಲಿ 100 ಎಲೆಕ್ಟ್ರಾನ್ ವೋಲ್ಟ್‌ಗೆ ಮೂರು ರ‍್ಯಾಡಿಕಲ್ ಎಂದು ಊಹಿಸಿದರೆ 10 ಕಿಲೋಗ್ರೇಗೆ ಕಿಲೋಗ್ರಾಂಗೆ 3.1 ಮಿಲಿಮೋಲ್ ಹುಟ್ಟುತ್ತವೆ. ಪ್ರತಿಯೊಂದೂ ಒಂದು ವರ್ಣಾಣುವನ್ನೇ ಹುಡುಕಿ ಕೆಡಿಸಿದರೆ ನಷ್ಟ ಶೇ. 42. ವರ್ಣದ್ರವ್ಯದಲ್ಲೇ ಹುಟ್ಟಿದವು ಮಾತ್ರ ಕೆಡಿಸಿದರೆ ಶೇ. 0.2.

ಅಂತರ ಇನ್ನೂರು ಪಟ್ಟು. ಇಷ್ಟು ಅಗಲದ ಅಂದಾಜಿಗೆ ಬೆಲೆ ಏನೆಂದು ಕೇಳಬಹುದು. ಸತ್ಯ ಎರಡರ ನಡುವೆ ಎಲ್ಲಿ ನಿಲ್ಲುತ್ತದೆ ಎಂಬುದು ರ‍್ಯಾಡಿಕಲ್‌ಗಳು ಎಷ್ಟು ದೂರ ಓಡಾಡಬಲ್ಲವು ಎಂಬುದರಿಂದ ನಿರ್ಧಾರವಾಗುತ್ತದೆ, ಓಡಾಟ ತೇವದಿಂದ. ಆದ್ದರಿಂದ ತೇವವನ್ನು ದಾಖಲಿಸದ ಎರಡು ಪ್ರಯೋಗಗಳು ಬೇರೆ ಬೇರೆ ಉತ್ತರ ಕೊಟ್ಟರೆ ಅದನ್ನು ವಿರೋಧವೆಂದು ಕರೆಯಲಾಗದು. ಶೇ. 42 ಕೂಡ ಕಿರಣ ಬಿದ್ದ ಹೊತ್ತಿನ ಗರಿಷ್ಠ ಮಿತಿ ಮಾತ್ರ. ನಂತರ ಗಾಳಿಯ ಆಕ್ಸಿಜನ್‌ನೊಂದಿಗೆ ಕೊಬ್ಬಿನ ಸರಪಳಿ ಕ್ರಿಯೆ ಹತ್ತಿಕೊಂಡರೆ ಒಂದು ರ‍್ಯಾಡಿಕಲ್ ಹಲವು ಅಣುಗಳನ್ನು ಕೆಡಿಸಬಹುದು. ಶೀತಲಗೃಹ ತಡೆಯುವುದು ಈ ನಂತರದ ಭಾಗವನ್ನು. ಕಿಣ್ವವಿದ್ದರೂ ಇಲ್ಲದಿದ್ದರೂ ನಡೆಯುವ ಈ ಉತ್ಕರ್ಷಣೆಯನ್ನು ನಿಲ್ಲಿಸುವ ಯಾವ ಗುಣವೂ ವಿಕಿರಣಕ್ಕಿಲ್ಲ. ಅಲ್ಪ ಮಟ್ಟಿಗೆ ಅದನ್ನು ಚುರುಕಾಗಿಸುವ ಗುಣವಿದೆ.

9. ವಿಷ, ಮತ್ತು ತಿನ್ನುವವರ ಕೋಶ

ಆ್ಯಸ್ಪರ್ಜಿಲಸ್ ಬೂಷ್ಟಿನ ಬೀಜಕಗಳು ಮಸಾಲೆಯ ಡೋಸ್‌ಗೆ ಸಾಯುತ್ತವೆ. ಅದು ಮೊದಲೇ ಬಿಟ್ಟಿದ್ದ ಅಫ್ಲಟಾಕ್ಸಿನ್ ಬಿ-1ರ ಅಣುತೂಕ 312 ಮಾತ್ರ. ಸೂತ್ರವನ್ನು ಅದರ ಎಲ್ಲೆ ಮೀರಿ ಎಳೆದು ನೋಡಿದರೂ ಡಿ-37 ಸುಮಾರು 20,000 ಕಿಲೋಗ್ರೇ. 10 ಕಿಲೋಗ್ರೇಗೆ ನಷ್ಟ ಶೇ. 0.05. ಐರೋಪ್ಯ ಮಿತಿ ಬಿ-1ಕ್ಕೆ ಕಿಲೋಗ್ರಾಂಗೆ 5 ಮೈಕ್ರೋಗ್ರಾಂ, ಒಟ್ಟು ಅಫ್ಲಟಾಕ್ಸಿನ್‌ಗೆ 10. ಆ ಮಿತಿ ಮೀರಿದ ಲಾಟನ್ನು ವಿಕಿರಣ ಮಿತಿಯೊಳಗೆ ತರುವುದಿಲ್ಲ. ಸೂಕ್ಷ್ಮಜೀವಿ ನಿವಾರಣೆಗೆ ವಿಕಿರಣದ ಪರ್ಯಾಯವಾದ ಎಥಿಲಿನ್ ಆಕ್ಸೈಡ್ ಹೊಗೆ ಐರೋಪ್ಯ ಒಕ್ಕೂಟದಲ್ಲಿ 1991ರಿಂದ ನಿಷಿದ್ಧ. 2024ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್ ಮತ್ತು ಸಿಂಗಪುರ ಕೆಲವು ಭಾರತೀಯ ಮಸಾಲೆ ಪುಡಿಗಳನ್ನು ತಡೆದದ್ದು ಇದರ ಶೇಷದ ಕಾರಣಕ್ಕೆ.

ತಿನ್ನುವವರ ಕೋಶಗಳ ಬಗ್ಗೆ ಭಾರತದಲ್ಲೇ ಎದ್ದ ವಿವಾದವನ್ನು ಬಿಡುವಂತಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಭಾಸ್ಕರಂ ಮತ್ತು ಸದಾಶಿವನ್ 1975ರಲ್ಲಿ, 0.75 ಕಿಲೋಗ್ರೇ ಕೊಟ್ಟ ಗೋಧಿಯನ್ನು ಅಪೌಷ್ಟಿಕ ಮಕ್ಕಳಿಗೆ ತಿನ್ನಿಸಿದಾಗ ರಕ್ತದ ಲಿಂಫೊಸೈಟ್‌ಗಳಲ್ಲಿ ಬಹುಗುಣಿತ ಕ್ರೋಮೊಸೋಮ್ ಕೋಶಗಳು ಕಂಡವೆಂದು ವರದಿ ಮಾಡಿದರು. ಗುಂಪು ಮೂರು, ಗುಂಪಿಗೆ ಮಕ್ಕಳು ಐದು. ಆಗತಾನೇ ವಿಕಿರಣ ಹಾಯಿಸಿದ ಗೋಧಿಯಲ್ಲಿ ಪರಿಣಾಮ ಹೆಚ್ಚು, ಹನ್ನೆರಡು ವಾರ ಇಟ್ಟದ್ದರಲ್ಲಿ ಕಡಿಮೆ. ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದ ಪ್ರಾಣಿ ಪ್ರಯೋಗಗಳು ಇದನ್ನು ಸಮರ್ಥಿಸಲಿಲ್ಲ. ಪಿ. ಸಿ. ಕೇಶವನ್ ಮತ್ತು ಪಿ. ವಿ. ಸುಖಾತ್ಮೆ ಅವರ ಪರಿಶೀಲನೆ ಅಂಕಿಅಂಶದ ನೆಲೆಯಲ್ಲಿ ಆಕ್ಷೇಪ ಎತ್ತಿತು. ಪ್ರಬಲವಾದ ಆಕ್ಷೇಪ ಬಹುಶಃ ಇದು: ಹೋಲಿಕೆಯ ಗುಂಪಿನಲ್ಲಿ ಇಂಥ ಕೋಶ ಒಂದೂ ಇಲ್ಲವೆಂದು ದಾಖಲಾಗಿತ್ತು, ಆರೋಗ್ಯವಂತರಲ್ಲೂ ಅಲ್ಪ ಪ್ರಮಾಣ ಇರುವುದು ಸಹಜ. ಸೊನ್ನೆ ಇಲ್ಲಿ ಶುದ್ಧತೆಯ ಗುರುತಲ್ಲ, ಎಣಿಸಿದ ಕೋಶಗಳ ಸಂಖ್ಯೆ ಸಾಲದು ಎಂಬುದರ ಗುರುತು. ಗೋಧಿ ದಿನದ ಊಟ, ಮೆಣಸಿನಪುಡಿ ಚಿಟಿಕೆ. ಆ ಫಲಿತಾಂಶವನ್ನು ಇಲ್ಲಿಗೆ ತರಲು ಅದೂ ಒಂದು ಅಡ್ಡಿ.

10. ದಾಖಲಾತಿಯ ಬಗ್ಗೆ

ಮಹಾರಾಷ್ಟ್ರದ ವಾಶಿಯಲ್ಲಿ ಮಸಾಲೆಗಾಗಿ ಸ್ಥಾಪಿತವಾದ ಬ್ರಿಟ್ (ವಿಕಿರಣ ಮತ್ತು ಐಸೊಟೋಪ್ ತಂತ್ರಜ್ಞಾನ ಮಂಡಳಿ) ಘಟಕ 2000ದಿಂದ ನಡೆಯುತ್ತಿದೆ. ಕರ್ನಾಟಕದಲ್ಲಿ ಮಾಲೂರಿನ ಘಟಕ ಮಾವಿನ ರಫ್ತಿಗೆ ಹೆಸರಾದದ್ದು. ಬ್ಯಾಡಗಿ ಸೀಮೆಯ ಮಾಲು ಎಲ್ಲಿಗೆ ಹೋದರೂ ಹೋಗುವ, ಬರುವ ಎರಡು ಪ್ರಯಾಣಗಳ ನಡುವೆ ಅದರ ತೇವ ಬದಲಾಗುತ್ತದೆ. ಕೋಬಾಲ್ಟ್-60ರ ಅರ್ಧಾಯುಷ್ಯ 5.27 ವರ್ಷವಾದ್ದರಿಂದ ಆಕರ ವರ್ಷಕ್ಕೆ ಸುಮಾರು ಶೇ. 12 ಕುಂದುತ್ತದೆ, ಹೊಸ ಆಕರದಲ್ಲಿ ಬೇಗ ಮುಗಿಯುವ ಅದೇ 10 ಕಿಲೋಗ್ರೇಗೆ ಹಳೆಯ ಆಕರದಲ್ಲಿ ಹೆಚ್ಚು ಹೊತ್ತು ಬೇಕು, ಅಷ್ಟು ಹೊತ್ತೂ ಆಕ್ಸಿಜನ್ ಒಳಸೇರುತ್ತಿರುತ್ತದೆ. ಡೋಸ್ ಒಂದೇ ಆದರೂ ಡೋಸ್‌ನ ವೇಗ ಬೇರೆ.

ಹಾಗಾಗಿ ಮೋಟೆಬೆನ್ನೂರು–ಬ್ಯಾಡಗಿ ಕಡೆಯ ಮಾದರಿಗಳ ಮೇಲೆ ಮುಂದೆ ಯಾರಾದರೂ ಅಳತೆ ಮಾಡುವುದಿದ್ದಲ್ಲಿ ಚೀಟಿಯಲ್ಲಿ ಇವಿಷ್ಟು ಇರುವುದು ಒಳಿತು: ಕಡ್ಡಿಯೋ ಡಬ್ಬಿಯೋ, ಬೆಳೆದ ಊರು (ಪೇಟೆಯ ಹೆಸರಲ್ಲ), ಬೀಜಸಹಿತವೋ ಅಲ್ಲವೋ, ಶೀತಲಗೃಹದಲ್ಲಿದ್ದ ದಿನಗಳು, ಕನಿಷ್ಠ ಮತ್ತು ಗರಿಷ್ಠ ಡೋಸ್ ಎರಡೂ, ಡೋಸ್‌ನ ವೇಗ, ಹಾಗೂ ತೇವದ ಎರಡು ಅಳತೆಗಳು. ಒಂದು ಕಿರಣ ಹಾಯಿಸುವ ದಿನದ್ದು, ಇನ್ನೊಂದು ಬಣ್ಣ ಅಳೆದ ದಿನದ್ದು.